ವಾಲ್‌ಬುರ್ಗಾಳ ಮೊಟ್ಟೆಗಳು

ವಾಲ್‌ಬುರ್ಗಾ ಹುಟ್ಟಿದ್ದು ಹರ್ಟ್ಸೋಗೆನಾವ್‌ರಾಕ್ ಪಕ್ಕದ ಈ ಜರ್ಮನ್ ಹಳ್ಳಿಯಲ್ಲೇ, ಅಮ್ಮನನ್ನು ಮಣ್ಣು ಮಾಡಿದ್ದೂ ಇಲ್ಲೇ. ಆದರೇನು, ಅಪ್ಪ ಕಪ್ಪು ಜನಾಂಗದ ಅಮೆರಿಕನ್ ಸೈನಿಕ. ಮಗಳ ಮುಖ ನೋಡುವ ಮೊದಲೇ ಹೊರಟುಹೋದ. ಅರವತ್ತು ವರ್ಷದಿಂದ ಜನ ಅವಳನ್ನು ನಿಮ್ಮ ಊರು ಯಾವುದು ಅಂತ ಕೇಳ್ತಾನೇ ಇದ್ದಾರೆ. ನಮ್ಮವರೇನು ಕಮ್ಮಿಯೇ? ನಾವು ಬಂದ ವಾರವೇ ನನ್ನ ಯಜಮಾನರು ಸುನಿಲಕುಮಾರ್, ಪಕ್ಕದ ಮನೇಲಿ ಆಫ್ರಿಕಾದವಳಿದ್ದಾಳೆ, ಹುಷಾರು ಅಂದಿದ್ದರು. ಮೈಸೂರಲ್ಲಿ ಹೆಣ್ಣು ನೋಡೋಕೆ ಬಂದಾಗ ಇವರಮ್ಮ ನನ್ನ ಕೆನ್ನೆಯ ಪೌಡರು ಒರೆಸಿ ಬಣ್ಣ ನೋಡಿದ್ದು ಇವರಿಗೆ ಮರೆತೇ ಹೋಗಿತ್ತು.

ಈಸ್ಟರಿಗೆ ಮುಂಚೆ ಇಲ್ಲಿ ಊರ ನೀರಿನ ತೊಟ್ಟಿಗೆ ಹಸಿರು ತೋರಣ ಕಟ್ಟಿ, ಬಣ್ಣ ಬರೆದ ಮೊಟ್ಟೆಚಿಪ್ಪು ತೂಗಿಸಿ ಸಿಂಗರಿಸುತ್ತಾರೆ. ಹೆಂಗಸರ ಕೆಲಸ. ಅರ್ಧಕ್ಕರ್ಧ ಮೊಟ್ಟೆ ವಾಲ್‌ಬುರ್ಗಾಳ ಕೈಯದೇ, ಆರನೇ ವಯಸ್ಸಿನಿಂದ. ಚಿಪ್ಪು ಒಡೆಯದೆ ಒಳಗಿನದನ್ನು ಊದಿ ತೆಗೆಯೋದನ್ನು ನನಗೆ ಕಲಿಸಿದವಳೂ ಅವಳೇ. ಮೊದಲ ದಿನ ಹನ್ನೆರಡು ಒಡೆದೆ. ಬೈಯಲಿಲ್ಲ, ಆಮ್ಲೆಟ್ ಮಾಡಿ ತಿನ್ನಿಸಿದಳು. ಈ ವರ್ಷ ಸಿಂಗಾರದ ಹಳೇ ಮುಖ್ಯಸ್ಥೆ ಮಂಡಿನೋವಿಂದ ಕೂತುಬಿಟ್ಟರು, ಹೊಸಬರು ಬೇಕಾಯಿತು. ಒಂದು ವರ್ಷವಾದರೂ ತಾನು ಮುಂದೆ ನಿಂತು ಮಾಡಿಸಬೇಕು ಅನ್ನೋ ಆಸೆಯನ್ನು ವಾಲ್‌ಬುರ್ಗಾ ಬೇಲಿ ಮೇಲಿಂದ ನನ್ನೊಬ್ಬಳಿಗೇ ಹೇಳಿದ್ದಳು.

ಸಭೆಯಲ್ಲಿ ಕೇಕು ಬಂತು, ಕಾಫಿ ಬಂತು, ಬೆಣ್ಣೆ ಹಚ್ಚಿದ ಮಾತೂ ಬಂತು. ವಾಲ್‌ಬುರ್ಗಾ ಚಿನ್ನದಂಥ ಹೆಂಗಸಂತೆ, ಅವಳಿಲ್ಲದಿದ್ದರೆ ತೊಟ್ಟಿಗೆ ಕಳೆಯೇ ಇಲ್ಲವಂತೆ. ಆದರೆ ಈ ಸಲ ಪತ್ರಿಕೆಯವರು ಬರ್ತಾರಲ್ಲ, ಮುಂದೆ ನಿಲ್ಲೋರನ್ನು ನೋಡಿದ ಕೂಡಲೇ ಈ ಊರಿನವರು ಅನ್ನಿಸಬೇಕಂತೆ. ಅಂಥವಳೂ ಸಿಕ್ಕಳು, ಹೈಕೆ. ಹ್ಯಾಂಬರ್ಗ್‌ನಿಂದ ಬಂದು ಮೂರು ವರ್ಷ, ಮೊಟ್ಟೆ ಊದೋಕೆ ಬರಲ್ಲ, ಜಡೆ ಮಾತ್ರ ಹೊಂಬಣ್ಣ. ಕೈ ಎತ್ತಿ ಅಂದರು, ಎತ್ತಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಾಲ್ಕು ವರ್ಷದಲ್ಲಿ ಈ ಹೆಂಗಸರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ನಾನೂ ಎತ್ತಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಈಸ್ಟರ್ ಮುಗಿದ ಮೇಲೆ ವಾಲ್‌ಬುರ್ಗಾ ಪತ್ರಿಕೆ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಫೋಟೋ ತುಂಬ ಅವಳ ಮೊಟ್ಟೆಗಳು. ನಡುವೆ ಹೈಕೆ, ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ನಾನು. ಫೋಟೋಗ್ರಾಫರನಿಗೆ ನನ್ನ ರೇಷ್ಮೆ ಸೀರೆ ಇಷ್ಟವಾಗಿ ನನ್ನನ್ನೂ ಎಳೆದು ನಿಲ್ಲಿಸಿದ್ದ. ವಾಲ್‌ಬುರ್ಗಾ ಆಚೆ ಏಣಿ ಹಿಡಿದು ನಿಂತಿದ್ದಳು, ಏಣಿಯ ತುದಿ ಮಾತ್ರ ಬಂದಿದೆ. ಕೆಳಗೆ ದಪ್ಪಕ್ಷರದಲ್ಲಿ, ತಲೆಮಾರುಗಳಿಂದ ಸಂಪ್ರದಾಯ ಉಳಿಸಿಕೊಂಡು ಬಂದ ಊರ ಹೆಂಗಸರು ಅಂತ ಬರೆದಿತ್ತು.

"ನೀನು ಚೆನ್ನಾಗಿ ಬಂದಿದ್ದೀಯ," ಅಂದಳು.