ಕೊನೆಯ ಕಾಯಿ

ಪುಣೆಯ ಸದಾಶಿವ ಪೇಠೆಯ, ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ ಪಗಡೆಯ ಹಾಸನ್ನು ಹಳೆಯ ಇಳಕಲ್ ಸೀರೆಯಿಂದ ಹೊಲಿದವಳು ರಂಗೂಬಾಯಿ. ಕಾಯಿ ನಡೆಸುವ ಜಾಣತನವನ್ನು ಧಾರವಾಡದ ತವರಿನಿಂದ ತಂದವಳೂ ಅವಳೇ. ಆದರೆ ಮದುವೆಯಾಗಿ ಬಂದ ಮೇಲೆ ಒಂದು ಆಟವನ್ನೂ ತನ್ನ ಕೈಯಾರೆ ಮುಗಿಸಿರಲಿಲ್ಲ.

ಹೆಂಗಸರು ಹೊರಗಿನ ಕೋಣೆಯಲ್ಲಿ ಗಂಡಸರ ಜೊತೆ ಆಡಲು ಕೂಡುತ್ತಿದ್ದದ್ದು ದೀಪಾವಳಿಯ ಪಾಡ್ಯದ ಸಂಜೆ ಮಾತ್ರ. ನಡುವೆ ಎದ್ದವರ ಕವಡೆ ಬೇರೆಯವರ ಕೈಗೆ ಹೋಗುತ್ತಿತ್ತು, ಮರಳಿ ಬರುತ್ತಿರಲಿಲ್ಲ. ಕೊನೆಯ ಕಾಯಿಯನ್ನು ಹಾಸಿನ ನಡುಮನೆಗೆ ಸೇರಿಸಿ ಹಣ್ಣು ಮಾಡಿದವರ ಹೆಸರಿಗೆ ಗೆಲುವು. ನಿಯಮ ಎಲ್ಲರಿಗೂ ಒಂದೇ ಎನ್ನುತ್ತಿದ್ದ ಗಂಡ ರಾಘಣ್ಣ. ಆದರೆ ಚಹಾ ಬೇಕಾದಾಗ, ದೀಪದ ಎಣ್ಣೆ ತೀರಿದಾಗ, ಬಾಗಿಲಲ್ಲಿ ಯಾರಾದರೂ ಕೂಗಿದಾಗ ಏಳುತ್ತಿದ್ದವಳು ಅವಳೊಬ್ಬಳೇ. ಕೂಡಲೇ ಆ ಜಾಗಕ್ಕೆ ಮೈದುನ ಸದಾನಂದ ಬಂದು ಕೂಡುತ್ತಿದ್ದ. ಅವಳು ಸುತ್ತಿಸಿ ತಂದ ಕಾಯಿಯನ್ನು ಒಳಗೆ ಸರಿಸಿ ಗೆದ್ದವನೂ ಅವನೇ ಆಗುತ್ತಿದ್ದ.

ಆ ವರ್ಷ ರಂಗೂಬಾಯಿ ಮಧ್ಯಾಹ್ನದಿಂದಲೇ ಸಿದ್ಧಳಾದಳು. ನೀರು ತುಂಬಿಸಿದಳು, ದೀಪಗಳಿಗೆ ಎಣ್ಣೆ ಹಾಕಿದಳು, ಚಕ್ಕಲಿ ಉಂಡಿಗಳನ್ನು ತಟ್ಟೆಯಲ್ಲಿಟ್ಟು ಗಂಡಸರ ಕೈಗೆಟುಕುವಂತೆ ಜೋಡಿಸಿದಳು. ಹಾಲಿನವನೊಬ್ಬನೇ ತಡ ಮಾಡಿ ಬಂದ. ಹಾಲನ್ನು ಅಡುಗೆಮನೆಯ ಶೇಗಡಿ ಒಲೆಯ ಸಣ್ಣ ಕೆಂಡದ ಮೇಲಿಟ್ಟು ಬಂದು ಕುಳಿತಳು. ಎದುರಿಗೆ ಅವಳ ಜೋಡಿಯಾಗಿ ಪಕ್ಕದ ಮನೆಯ ಭಾಮಾ. ಇನ್ನೆರಡು ಬದಿಗೆ ರಾಘಣ್ಣ ಮತ್ತು ಭಾಮಾಳ ಗಂಡ ಅವಧೂತ.

ಆಟ ಜೋರಾಗಿ ನಡೆಯಿತು. ಭಾಮಾಳ ಕಾಯಿಗಳೆಲ್ಲ ಹಣ್ಣಾದವು. ರಂಗೂಬಾಯಿಯ ಒಂದೇ ಕಾಯಿ ಹೊರಗಿತ್ತು, ಎರಡು ಬಿದ್ದರೆ ಮುಗಿಯಿತು. ಅವಧೂತನವು ಮುಗಿದು ರಾಘಣ್ಣನದೂ ಒಂದೇ ಉಳಿದಿತ್ತು.

"ಚಹಾ ಆಗಲಿ, ಆಮ್ಯಾಲ ಆಡೋಣು," ಎಂದ ರಾಘಣ್ಣ.

"ಚಕ್ಕಲಿ ಅದಾವಲ್ರಿ, ತಿನ್ರಿ. ನಿಮ್ಮ ಆಟ ಒಗೀರಿ."

ಅವಧೂತ ರಂಗೂಬಾಯಿಯತ್ತ ನೋಡಿ ನಕ್ಕ. "ರಾಘಣ್ಣಾ, ಇವತ್ತು ವೈನಿ ಜಪ್ಪಯ್ಯ ಅಂದ್ರೂ ಏಳೂದಿಲ್ಲ."

ರಾಘಣ್ಣ ಕವಡೆ ಒಗೆದ, ಬೇಕಾದದ್ದು ಬೀಳಲಿಲ್ಲ. ಆಗಲೇ ಹಾಲು ಹೊತ್ತಿದ ವಾಸನೆ ಬಂತು. ಎಲ್ಲರಿಗಿಂತ ಮೊದಲು ಬಂದದ್ದು ರಂಗೂಬಾಯಿಯ ಮೂಗಿಗೆ. ಮೈ ತಾನಾಗಿ ಮುಂದಕ್ಕೆ ವಾಲಿತು, ಒಂದು ಕೈ ನೆಲಕ್ಕೆ ಊರಿತು. ಹಬ್ಬದ ದಿನದ ಹಾಲು. ಗೋಡೆಗೊರಗಿದ್ದ ಸದಾನಂದ ಆಗಲೇ ಎದ್ದು ಹತ್ತಿರ ಬಂದು ಕವಡೆಗೆ ಕೈ ಚಾಚಿದ.

"ಕೊಡ್ರಿ ವೈನಿ, ನಾ ಆಡ್ತೀನಿ."

ರಂಗೂಬಾಯಿ ನೆಲಕ್ಕೂರಿದ ಕೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ನೀ ಎದ್ದೀಯಲ್ಲ ಸದಾನಂದ, ಹೋಗಿ ಹಾಲು ಇಳಸು."

"ನಾನ?"

"ಅಡಗಿಮನಿ ಯಾವ ಕಡೆ ಅದ ಅಂತ ಗೊತ್ತದ ಅಲ್ಲ?"

ಭಾಮಾ ಏಳಲು ಹೋದಳು. "ಅಕ್ಕಾ, ನಾನರ ಹೋಗ್ಲೇನ?"

"ನೀ ನನ್ನ ಜೋಡಿ. ಕೂಡು."

"ಹಾಲು ಸುಡಾಕತ್ತದ, ಇಕಿ ಆಟ ಆಡ್ತಾಳ!" ರಾಘಣ್ಣನ ದನಿ ಏರಿತು.

"ಸುಡ್ಲಿ. ಪಾತೇಲಿ ನಾನ ತಿಕ್ಕೂದು."

ಸದಾನಂದ ಒಳಗೆ ಹೋದ. ಮುಚ್ಚಳ ಬಿದ್ದು ಉರುಳಿದ ಸದ್ದು, "ಅಯ್ಯಯ್ಯೋ" ಎಂಬ ಕೂಗು, ಆಮೇಲೆ, "ವೈನಿ, ಪಾತೇಲಿ ಹಿಡಿಯಾಕ ಅರಿವಿ ಎಲ್ಲದ?"

"ನಿನ್ನ ಹೆಗಲ ಮ್ಯಾಲ," ಎಂದಳು ರಂಗೂಬಾಯಿ ಹಾಸಿನಿಂದ ಕಣ್ಣೆತ್ತದೆ. ಭಾಮಾ ಸೆರಗನ್ನು ಬಾಯಿಗೊತ್ತಿಕೊಂಡಳು.

ರಂಗೂಬಾಯಿ ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ಒಗೆದಳು. ಎರಡು ಬಾಯಿ ತೆರೆದು ಬಿದ್ದವು, ಉಳಿದವು ಮಗುಚಿ. ಅವಳು ಅವಸರ ಮಾಡಲಿಲ್ಲ. ಕಾಯಿಯನ್ನು ಎರಡು ಬೆರಳಿನಿಂದ ಹಿಡಿದು ಒಂದು ಮನೆ ನಡೆಸಿದಳು, ಇನ್ನೊಂದು ಮನೆ ನಡೆಸಿ ನಡುವೆ ಇಟ್ಟಳು. ಬೆರಳು ತೆಗೆಯಲು ತುಸು ಹೊತ್ತು ಹಿಡಿಯಿತು.

"ಅಕ್ಕ ಗೆದ್ಲು!" ಎಂದು ಭಾಮಾ ಕೂಗಿದ್ದು ವಾಡೆಯ ಅಂಗಳಕ್ಕೆಲ್ಲ ಕೇಳಿಸಿತು.

"ಕವಡಿ ದೈವದಾಟ ಬಿಡು," ಎಂದು ರಾಘಣ್ಣ ಗೊಣಗಿದ.

"ಕವಡಿ ಬಿದ್ದದ್ದು ದೈವ ಇರಬಹುದ್ರಿ. ಕೂತದ್ದು ನಾನು."

ಅವಧೂತ "ಹೌದ್ರಿ ವೈನಿ" ಎಂದ, ಈ ಸಲ ನಗದೆ. ತುಸು ಹೊತ್ತಿಗೆ ಸದಾನಂದ ಅದೇ ಹಾಲಿನಲ್ಲಿ ತಾನೇ ಚಹಾ ಕಾಸಿ ತಂದ. ಅದರಲ್ಲಿ ಸುಟ್ಟ ಹಾಲಿನ ಘಾಟು ಇತ್ತು. ರಾಘಣ್ಣ ಒಂದು ಗುಟುಕು ಕುಡಿದು ಹೆಂಡತಿಯನ್ನು ನೋಡಿದ, ಇನ್ನೊಂದು ಗುಟುಕು ಕುಡಿದ. ರಂಗೂಬಾಯಿ ತನ್ನ ಬಟ್ಟಲನ್ನು ಬಿಸಿಬಿಸಿಯಾಗಿಯೇ ಖಾಲಿ ಮಾಡಿ ಪಕ್ಕಕ್ಕಿಟ್ಟಳು. ಇಷ್ಟು ವರ್ಷ ಅವಳ ಪಾಲಿನ ಚಹಾ ಅವಳು ಕೂತು ಕುಡಿಯುವ ಹೊತ್ತಿಗೆ ಆರಿ ಹೋಗಿರುತ್ತಿತ್ತು.

ಆಮೇಲೆ ಹಾಸಿನ ಸುಕ್ಕು ಬಿಡಿಸಿ, ಕಾಯಿಗಳನ್ನೆಲ್ಲ ಒಟ್ಟುಗೂಡಿಸಿ, "ಇನ್ನೊಂದ ಆಟ ಹೂಡೂಣ ಬಾ ಭಾಮಾ," ಎಂದಳು.