ನನ್ನ ಅಂಗಿಯ ದೂಳು

ಲವೀನಾ, ಆ ದೂಳು ನನ್ನ ಅಂಗಿಯದು. ನಿನ್ನ ಸುಣ್ಣಕಲ್ಲಿನದಲ್ಲ. ಹನ್ನೆರಡು ವರ್ಷಗಳಿಂದ ನನಗೆ ಗೊತ್ತಿತ್ತು.

ಮಣಿಪಾಲದ ಆ ಪ್ರಯೋಗಾಲಯದಲ್ಲಿ ನಾವಿಬ್ಬರೂ ಒಂದೇ ಮೇಜಿನ ಸಂಶೋಧಕರು. ಕೋಟ್ಯಂತರ ವರ್ಷಗಳ ಹಿಂದೆ ಮರುಭೂಮಿಗಳಿಂದ ಎಷ್ಟು ದೂಳು ಎದ್ದಿತು, ಅದನ್ನು ನಿರ್ಧರಿಸಿದ್ದು ಯಾವುದು— ಇದು ನಿನ್ನ ಪ್ರಶ್ನೆ. ಭೂಮಿ ಬಿಸಿಯಾದಷ್ಟೂ ದೂಳು ಹೆಚ್ಚು ಎಂದರು ನಮ್ಮ ಗುರುಗಳು. ನೀನು ಒಪ್ಪಲಿಲ್ಲ. "ಬಿಸಿ ಮಾತ್ರ ಅಲ್ಲ ಮಾರಾಯ, ನೆಲ ಎಲ್ಲಿ ಉಂಟು ಅಂತ ನೋಡಬೇಕು," ಎಂದು ಕ್ಯಾಂಟೀನಿನಲ್ಲಿ ನೀರುದೋಸೆ ಹರಿದು ತೋರಿಸಿದ್ದೆ. ಖಂಡಗಳೆಲ್ಲ ಒಂದಾಗಿ ಅಂಟಿಕೊಂಡಾಗ ಮಳೆಗಾಳಿ ಒಳನಾಡನ್ನು ಮುಟ್ಟುವುದಿಲ್ಲ; ಬರಿನೆಲ ಹಾರುತ್ತದೆ. ಒಡೆದು ನಡುವೆ ಕಡಲು ಬಂದರೆ— ನಿನ್ನ ತಟ್ಟೆಯಲ್ಲಿ ಅದು ಚಟ್ನಿ— ಎಷ್ಟೇ ಸೆಕೆಯಿದ್ದರೂ ದೂಳು ಕಡಿಮೆಯಾಗುತ್ತದೆ.

ಅದಕ್ಕೆ ಸಾಕ್ಷಿ ಒಂದು ಕಲ್ಲು. ಅಂಥದೇ ಸೆಕೆಯ, ಒಡೆದ ಖಂಡಗಳ ಕಾಲದಲ್ಲಿ ನಡುಗಡಲಲ್ಲಿ ಕೂಡಿದ ಸುಣ್ಣಕಲ್ಲು. ಆಮ್ಲದಲ್ಲಿ ಕರಗಿಸಿದರೆ ತಳದಲ್ಲಿ ಉಳಿಯುವುದು ಗಾಳಿ ಹೊತ್ತು ತಂದ ದೂಳು. ಅದು ಕಡಿಮೆಯಿದ್ದರೆ ನಿನ್ನ ಮಾತು ನಿಜ. ಅರ್ಧ ಕರಗಿಸಿ ಅರ್ಧ ಉಳಿಸು ಎಂದು ನೀನು ನನ್ನ ಕೈಗೆ ಕೊಟ್ಟೆ. ನಂಬಿ ಕೊಟ್ಟೆ.

ಆ ದಿನ ನಾನು ಕಾರ್ಕಳದಿಂದ ನೇರ ಬಂದಿದ್ದೆ. ಅಪ್ಪ ಶಿಲ್ಪಿ, ಬೆಳಿಗ್ಗೆಯೆಲ್ಲ ಅವರೊಡನೆ ನಾಗನ ಕಲ್ಲು ಉಜ್ಜಿದ್ದೆ. ದಾರಿಯಲ್ಲಿ ಮಳೆಯಿತ್ತು ಎನ್ನುತ್ತದೆ ನೆನಪು. ಸುಳ್ಳು. ಮಳೆಯಿದ್ದರೆ ಅಂಗಿಯ ದೂಳು ತೊಳೆದುಹೋಗಿರುತ್ತಿತ್ತು. ನನ್ನನ್ನು ಉಳಿಸಲು ನೆನಪು ಆಮೇಲೆ ಸುರಿಸಿದ ಮಳೆ ಅದು. ಬಟ್ಟೆ ಬದಲಿಸದೆ, ನಿನ್ನ ಕಲ್ಲು ಕರಗುತ್ತಿದ್ದ ತೆರೆದ ಬಟ್ಟಲಿನ ಮೇಲೆ ಬಾಗಿದೆ.

ಉಳಿಕೆ ನಿನ್ನ ಊಹೆಗಿಂತ ಬಹಳ ಹೆಚ್ಚು ಬಂತು. "ನಿನ್ನ ಕೈಯಲ್ಲಿ ಎಂತಾದರೂ ತಪ್ಪಾಯಿತಾ?" ಎಂದು ನೀನು ಮೆಲ್ಲಗೆ ಕೇಳಿದೆ.

"ಕಲ್ಲು ಸುಳ್ಳು ಹೇಳುವುದಿಲ್ಲ," ಎಂದೆ ನಾನು.

ಉಳಿದರ್ಧವನ್ನು ನೀನು ಕೇಳಲೇ ಇಲ್ಲ. ನನ್ನ ಮಾತೇ ನಿನಗೆ ಸಾಕಾಗಿತ್ತು.

ಆಗ ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದು— ಇಲ್ಲ, ಅನುಮಾನವಿತ್ತು. ಮರುವಾರ ಸೂಕ್ಷ್ಮದರ್ಶಕದಲ್ಲಿ ಕಂಡೆ: ಕಡಲು ದಾಟಿ ಬಂದ ನವಿರು ದೂಳಿನ ನಡುವೆ ಆಗಷ್ಟೇ ಒಡೆದ, ಚೂಪು ಅಂಚಿನ ದಪ್ಪ ಕಣಗಳು. ಅಪ್ಪನ ರೆಪ್ಪೆಯ ಮೇಲೆ ದಿನವೂ ಕಾಣುತ್ತಿದ್ದ ಕಲ್ಲುಪುಡಿಯ ಹೊಳಪು. ಅಷ್ಟರಲ್ಲಿ ನೀನು ನಿನ್ನ ಪ್ರಬಂಧದ ಆ ಅಧ್ಯಾಯಕ್ಕೆ ಅಡ್ಡಗೆರೆ ಎಳೆದಿದ್ದೆ. "ಭೂಮಿ ನನ್ನ ಮಾತು ಕೇಳುವುದಿಲ್ಲ ಅಲ್ವಾ," ಎಂದು ನೀನು ನಕ್ಕೆ. ನಾನೂ ನಕ್ಕೆ. ಕಂಡದ್ದನ್ನು ನಾನು ಯಾಕೆ ಮುಚ್ಚಿಟ್ಟೆ? ಗುರುಗಳ ಮೆಚ್ಚುಗೆ ಬೇಕಿತ್ತೇ? ನಾಚಿಕೆಯೇ? ಹುಡುಕಿದಾಗೆಲ್ಲ ಬೇರೆ ಕಾರಣ ಸಿಗುತ್ತದೆ, ಒಂದನ್ನೂ ನಂಬಲಾರೆ. ನೀನು ಸಂಶೋಧನೆ ಬಿಟ್ಟು ಕಾಪುವಿನ ಶಾಲೆಯಲ್ಲಿ ವಿಜ್ಞಾನ ಕಲಿಸಲು ಹೋದೆ.

ಈಗ ಯಾರು ಯಾರೋ ಕಂಪ್ಯೂಟರಿನಲ್ಲಿ ಹಳೆಯ ಭೂಮಿಯನ್ನು ಕಟ್ಟಿ ನೋಡಿ ಹೇಳುತ್ತಿದ್ದಾರೆ— ದೂಳನ್ನು ಹೆಚ್ಚಾಗಿ ಆಳಿದ್ದು ಖಂಡಗಳ ಜೋಡಣೆಯೇ. ಓದುತ್ತಿದ್ದಂತೆ ನಿನ್ನ ಹರಿದ ದೋಸೆ ಕಂಡಿತು—

ಉಳಿದ ಅರ್ಧ ಕಲ್ಲು ನನ್ನಲ್ಲಿ ಉಂಟು, ಬಾಯಿ ಬಿಗಿದ ಸೀಸೆಯಲ್ಲಿ. ಶನಿವಾರ ಶಾಲೆ ಬಿಟ್ಟ ಮೇಲೆ ತರುತ್ತೇನೆ. ನಿನ್ನ ಲ್ಯಾಬಿನಲ್ಲಿ ನೀನೇ ಕರಗಿಸು. ಕಿಟಕಿ ಮುಚ್ಚಿಕೋ. ನಾನು ಒಳಗೆ ಬರುವುದಿಲ್ಲ.