ಶಾಲೆ ಬಿಟ್ಟ ಕಾರಣ

ಸ್ನೇಹಿತರೇ, ಇವತ್ತು ಮಧ್ಯಾಹ್ನ ನಮ್ಮ ಶಾಲೆಯ ಕಚೇರಿಗೆ ಮಂಡೆಕೋಲಿನಿಂದ ನೀಲಮ್ಮ ಎಂಬ ಅಜ್ಜಿಯೊಬ್ಬರು ಬಂದರು. ಅರುವತ್ತರ ದಶಕದ ದಾಖಲಾತಿ ರಿಜಿಸ್ಟರಿನಲ್ಲಿ ತನ್ನ ಹೆಸರು ನೋಡಬೇಕಂತೆ.

"ಪೆನ್ಶನಿಗಾ?" ಎಂದರು ಸಹೋದ್ಯೋಗಿ ಶೇಷಪ್ಪ.

"ಅಲ್ಲ ಮಾರಾಯ್ರೆ, ಸುಮ್ಮನೆ ನೋಡುದು."

"ಸುಮ್ಮನೆ ನೋಡ್ಲಿಕ್ಕೆ ಇದೆಂತ ಮದುವೆ ಆಲ್ಬಮ್ಮಾ?"

ನಾನು ಕಪಾಟು ತೆರೆದೆ. ಹೆಸರು ಸಿಕ್ಕಿತು, ಮೂರನೆಯ ತರಗತಿ. "ನಾನು ಯಾಕೆ ಬಿಟ್ಟದ್ದು ಅಂತ ಬರೆದುಂಟಾ?" ಎಂದು ಅಜ್ಜಿ ಮೆಲ್ಲಗೆ ಕೇಳಿದರು. ಶಾಲೆ ಬಿಟ್ಟ ಕಾರಣದ ಕಾಲಮ್ಮಿನಲ್ಲಿ ಬೇರೆ ಮಕ್ಕಳಿಗೆಲ್ಲ "ದೀರ್ಘ ಗೈರುಹಾಜರಿ" ಎಂದಿತ್ತು. ಇವರದ್ದನ್ನು ಓದಿ ಹೇಳಿದೆ: "ತಮ್ಮನನ್ನು ನೋಡಿಕೊಳ್ಳಲು. ಓದಿನಲ್ಲಿ ಚುರುಕು."

ಅಜ್ಜಿ ಆ ಸಾಲಿನ ಮೇಲೆ ಬೆರಳಿಟ್ಟರು. "ತಮ್ಮ ನಡೀಲಿಕ್ಕೆ ಕಲಿತ ಮೇಲೆ ಮತ್ತೆ ಕಳಿಸ್ತೇನೆ ಅಂದಿದ್ಲು ಅವ್ವ. ಅವ ನಡೆದ, ಓಡಿದ, ಶಾಲೆಗೂ ಹೋದ. ನಾಲ್ಕನೇ ಕ್ಲಾಸಿನ ಪುಸ್ತಕ ನಾನು ಮುಟ್ಟಿದ್ದೇ ಇಲ್ಲ. ಈಗ ಅವನೇ ಎಲ್ಲರ ಎದುರು, ಅಕ್ಕ ದಡ್ಡಿ, ಅದಕ್ಕೇ ಶಾಲೆ ಬಿಟ್ಟದ್ದು ಅಂತ ತಮಾಷೆ ಮಾಡುದು. ಇದರ ಒಂದು ಫೋಟೋ ಸಿಕ್ಕೀತಾ?"

ದಿನವಿಡೀ ಕಾಲಂ ತುಂಬಿಸಿ ಬೇಸತ್ತಿದ್ದ ನನಗೆ, ಎರಡು ಪದ ಹೆಚ್ಚು ಬರೆದಿಟ್ಟ ಆ ಹಳೆಯ ಹೆಡ್‌ಮಾಸ್ತರರಿಗೆ ಕೈಮುಗಿಯಬೇಕೆನಿಸಿತು.

"ಫೋಟೋಕ್ಕೆಲ್ಲ ನಿಯಮ ಇಲ್ಲ," ಎಂದರು ಶೇಷಪ್ಪ. ಆಮೇಲೆ, ಇಲ್ಲಿ ಬೆಳಕು ಸಾಲದೆಂದು ಗೊಣಗುತ್ತ, ರಿಜಿಸ್ಟರನ್ನು ಕಿಟಕಿಯ ಬಳಿಗೆ ಅವರೇ ಹೊತ್ತುಕೊಂಡು ಹೋದರು.